ಅಮ್ಮನ ಅರ್ಜಿ

ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ವರ್ಷಕ್ಕೆ ಅರ್ಜಿ ಕೊಡುವ ಸಾಲಿನಲ್ಲಿ ನನ್ನ ಮುಂದೆ ತಾಯಿ, ಮಗ ನಿಂತಿದ್ದರು. ಇಬ್ಬರ ಕೈಯಲ್ಲೂ ಅರ್ಜಿಯಿತ್ತು.

“ಮನೆಗೆ ಹೋಗಮ್ಮ, ಮಾನ ಕಳೀಬೇಡ. ನಿನ್ ಜೊತೆ ಒಂದೇ ಕ್ಲಾಸಲ್ಲಿ ಕೂರಲಾ?”

“ಹಿಂದಿನ ಬೆಂಚಲ್ಲಿ ಕೂರು. ನಿನಗದು ಅಭ್ಯಾಸ ತಾನೆ?”

“ಬೇರೆ ಬ್ರಾಂಚಾದ್ರೂ ತಗೋ.”

“ನೀನೇ ತಗೋ. ಮೋಟರಿಗೆ ತಂತಿ ಸುತ್ತಿ ನಿನ್ನ ಸಾಕ್ದೋಳು ನಾನು. ಎಲೆಕ್ಟ್ರಿಕಲ್ ನಂದು.”

“ಮುದುಕಿ ಅಂತ ಹಲ್ಲು ಕಿಸೀತಾರೆ.”

“ಕಿಸೀಲಿ. ನಿನ್ನ ಸ್ಕೂಲ್ ಗೇಟಲ್ಲಿ ಕಾದೂ ಕಾದೂ ಆದ ವಯಸ್ಸು ಕಣೋ ಇದು.”

ಅವರ ಸರದಿ ಬಂತು.

“ನಿಮ್ಮಮ್ಮನಾ?” ಕಿಟಕಿಯಾಚೆಯ ಗುಮಾಸ್ತ ಮಗನನ್ನು ಕೇಳಿದ.

“ಅಲ್ಲ. ಯಾರೋ, ಗೊತ್ತಿಲ್ಲ.”

ಆಕೆ ತಮ್ಮ ಅರ್ಜಿಯನ್ನು ಒಳಗೆ ತಳ್ಳಿದರು.

“ಒಳ್ಳೇದಾಯ್ತು. ಗೊತ್ತಿಲ್ಲದೋರ ಜೊತೆ ಕೂರೋಕೆ ನಾಚಿಕೆ ಯಾಕೆ?”

ಮಗನ ಕಡೆ ತಿರುಗಿಯೂ ನೋಡದೆ ಹೊರಟುಹೋದರು.