ಬಾವಿಗೆ ಕೊಟ್ಟ ಕರೆ

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಗು ಬರುವುದಿಲ್ಲ.

ಇದು ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ನಾಟಕ ಕಂಪನಿಯೊಂದರ ಪ್ರಚಾರದ ಕೆಲಸ ಅವನದು. ಗೋಡೆಗೆ ಪೋಸ್ಟರ್ ಅಂಟಿಸುವುದು, ಕೈಮೈಕು ಹಿಡಿದು ಬೀದಿ ಬೀದಿಯಲ್ಲಿ ಕೂಗುವುದು. ಊರಿಗೆಲ್ಲ ಅವನು 'ಕಹಳೆ'.

ಆ ರಾತ್ರಿ ಕಹಳೆ ಮನೆಗೆ ನಡೆದು ಬರುತ್ತಿದ್ದ. ಹೆಗಲಲ್ಲಿ ಕೈಮೈಕು, ಉಳಿದ ಕರಪತ್ರಗಳ ಚೀಲ, ಕೈಯಲ್ಲಿ ಗೋಂದಿನ ಬಕೆಟ್ಟು. ಅದರ ಹಿಡಿಕೆ ಹೆಜ್ಜೆಗೊಮ್ಮೆ ಕಿರ್ರ್... ಕಿರ್ರ್... ಎನ್ನುತ್ತಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಹೊಸ ನಾಟಕದ ಎರಡು ಆಟ ಮುಗಿದಿದ್ದವು. ಎರಡಕ್ಕೂ ಬಂದವರು ನಟರ ಮನೆಯವರೇ. ಅವರಲ್ಲೂ ಅರ್ಧ ಜನ ನಿದ್ದೆ ಮಾಡಲು ಬಂದವರು.

ಕಂಪನಿ ಅವನ ಅಕ್ಕನದು. ನಾಯಕಿಯೂ ಅವಳೇ, ಕಸ ಗುಡಿಸುವವಳೂ ಅವಳೇ. ಅಂದು ಮಧ್ಯಾಹ್ನ ಹಾಲ್‌ನ ಮಾಲೀಕ ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದ: "ನಾಳೆ ಹಾಲ್ ತುಂಬಲಿಲ್ಲ ಅಂದ್ರೆ ಬೀಗದ ಕೈ ಕೊಟ್ಟುಬಿಡಮ್ಮ. ಗೋದಾಮು ಮಾಡ್ತೀನಿ."

ಜಗಳಕ್ಕೆ ನಿಂತರೆ ಯಾರನ್ನೂ ಬಿಡದ ಹೆಂಗಸು ಅಂದು ಒಂದು ಮಾತೂ ಆಡಲಿಲ್ಲ. ಕಹಳೆಗೆ ಭಯವಾದದ್ದೇ ಅದಕ್ಕೆ. ಬಣ್ಣದ ಕೋಣೆಯ ಕನ್ನಡಿ ಮುಂದೆ ಕೂತು ಅವಳು ಮೆಲ್ಲಗೆ ಕೇಳಿದಳು, "ಜನ ಬರ್ತಾರಲ್ವೇನೋ?"

"ಬಂದೇ ಬರ್ತಾರೆ ಕಣಕ್ಕ," ಎಂದುಬಿಟ್ಟ. ಹೇಳಿದ್ದೇನೋ ಹೇಳಿದ, ಈಗ ಜನರನ್ನು ಎಲ್ಲಿಂದ ತರುವುದು?

ದಾರಿಯಲ್ಲಿ ಹಳೇ ಬಾವಿ ಸಿಕ್ಕಿತು. ನೀರು ಬತ್ತಿ ಎಷ್ಟೋ ಕಾಲವಾಗಿತ್ತು. ಕಾಲು ಸೋತು ಕಟ್ಟೆಯ ಮೇಲೆ ಕೂತ. ಸುತ್ತಲೂ ಎಲ್ಲ ಮನೆಯ ಬಾಗಿಲೂ ಹಾಕಿತ್ತು.

ಕಂಪನಿಯಲ್ಲಿ ಮುಖಕ್ಕೆ ಬಣ್ಣ ಹಚ್ಚುವ ತಾತ ಒಬ್ಬನಿದ್ದ. ಕೆಲಸಕ್ಕೆ ಸೇರಿದ ದಿನವೇ ಅವನು ಕಹಳೆಗೆ ಹೇಳಿದ್ದ: "ಕರೆಯೋದಾದ್ರೆ ಮುಖ ನೋಡಿ ಕರಿ. ಕೈಗೆ ಕಾಗದ ಕೊಟ್ಟು ಕರಿ. ಮುಖ ಕಾಣದ ಕಡೆ ಕರೀಬೇಡ. ಯಾರು ಬಂದ್ರು ಅಂತ ನಿನಗೇ ತಿಳಿಯಲ್ಲ." ಕೂಗಿ ಕರೆಯುವ ಕಸುಬಿನವರೆಲ್ಲ ಪಾಲಿಸುವ ಮಾತು ಅದು. ಕಹಳೆಯೂ ಅದುವರೆಗೆ ಮೀರಿದವನಲ್ಲ.

ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಸಿಟ್ಟೋ, ಅಳುವೋ... ಕೈಮೈಕನ್ನು ಬಾವಿಯೊಳಗೆ ತಿರುಗಿಸಿ, ಉಳಿದ ದನಿಯನ್ನೆಲ್ಲ ಸೇರಿಸಿ ಕೂಗಿಬಿಟ್ಟ. "ಬನ್ನಿ, ಬನ್ನಿ... ಹೊಚ್ಚ ಹೊಸ ನಾಟಕ... ಮನೆಮಂದಿಯೆಲ್ಲ ಬನ್ನಿ..."

ದನಿ ಕೆಳಗಿಳಿದು ಗುಂಯ್ಯೆಂದು ಸುತ್ತಿ ನಿಂತಿತು. ಆಮೇಲೆ...

"ಎಷ್ಟು ಹೊತ್ತಿಗೆ?"

ಪಿಸುದನಿ. ಗಂಡಸಿನದೋ ಹೆಂಗಸಿನದೋ ಹೇಳಲಾಗದು. ಕಹಳೆ ಕಟ್ಟೆಯಿಂದ ಜಿಗಿದೆದ್ದ. ಓಡಬೇಕಿತ್ತು. ನೀವಾಗಿದ್ದರೆ ಓಡುತ್ತಿದ್ದಿರಿ. ಅವನ ಕಣ್ಣ ಮುಂದೆ ಬಂದದ್ದು ಮಾತ್ರ ಕನ್ನಡಿ ಮುಂದೆ ಕೂತ ಅಕ್ಕ.

"ಸಂಜೆ... ದೀಪ ಹಚ್ಚೋ ಹೊತ್ತಿಗೆ," ಎಂದ.

"ಕೂರೋಕೆ ಜಾಗ ಇದ್ಯಾ?"

"ಇದೆ... ಎಲ್ಲಾ ಖಾಲಿ ಇದೆ."

"ಕಾಗದ ಕೊಡು."

ಕರಪತ್ರಗಳ ಇಡೀ ಕಟ್ಟನ್ನು ಬಾವಿಗೆ ಹಾಕಿದ. ಅದು ತಳಕ್ಕೆ ಬಿದ್ದ ಸದ್ದು ಬರಲಿಲ್ಲ. ಬದಲಿಗೆ... ಸರ್... ಸರ್... ಸರ್... ಒಬ್ಬರು ಒಂದು ಹಾಳೆ ತೆಗೆದುಕೊಂಡು ಕಟ್ಟನ್ನು ಪಕ್ಕದವರ ಕೈಗೆ ದಾಟಿಸುವಾಗ ಬರುವ ಸದ್ದು. ಅದು ನಿಲ್ಲಲೇ ಇಲ್ಲ. ಕಹಳೆ ಬಕೆಟ್ಟನ್ನು ಅಲ್ಲೇ ಬಿಟ್ಟು ಓಡಿದ.

ಮರುದಿನ ಸಂಜೆ ಟಿಕೆಟ್ ಕಿಟಕಿಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಕಹಳೆ ಹಾಲ್‌ನ ಬಾಗಿಲು ತೆರೆದು ನಿಂತ. ಒಳಗಿದ್ದವು ಸ್ಪ್ರಿಂಗಿನ ಕುರ್ಚಿಗಳು. ಕೂತರೆ ಕೆಳಗಿಳಿದು, ಎದ್ದರೆ ತಾವಾಗಿಯೇ ಮಡಚಿಕೊಳ್ಳುವಂಥವು.

ಟೊಕ್.

ಕೊನೆಯ ಸಾಲಿನ ಮೂಲೆಯ ಕುರ್ಚಿ ಕೆಳಗಿಳಿಯಿತು. ಟೊಕ್... ಅದರ ಪಕ್ಕದ್ದು. ಟೊಕ್, ಟೊಕ್... ಮುಂದಿನ ಸಾಲು. ತಂಪು ಗಾಳಿಯೊಂದು ಅವನ ತೋಳು ಸವರಿಕೊಂಡು ಒಳಗೆ ಹೋಗುತ್ತಲೇ ಇತ್ತು. ನೋಡನೋಡುತ್ತ ಎಲ್ಲ ಕುರ್ಚಿಗಳೂ ಇಳಿದವು. ಅವನ ಕಣ್ಣಿಗೆ ಒಬ್ಬರೂ ಕಾಣಲಿಲ್ಲ.

ಅಷ್ಟರಲ್ಲಿ ಮಾಲೀಕ ಬಂದ. ಒಳಗೆ ಇಣುಕಿ, ಹುಬ್ಬೇರಿಸಿ, ಚಪ್ಪಲಿಯ ಸದ್ದಾಗದಂತೆ ಹಿಂದೆ ಸರಿದ. "ಏನಪ್ಪಾ ಇಷ್ಟೊಂದು ಜನ... ಕೀ ನೀವೇ ಇಟ್ಕೊಳ್ಳಿ," ಎಂದು ಪಿಸುಗುಟ್ಟಿ ಹೋದ. ಪರದೆಯ ಸಂದಿಯಿಂದ ನೋಡಿದ ಅಕ್ಕ ಕಹಳೆಯ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು. "ತುಂಬಿಸಿಬಿಟ್ಟಲ್ಲೋ... ಎಲ್ಲರಿಗೂ ಪುಕ್ಕಟೆ ಪಾಸ್ ಹಂಚಿದ್ಯಾ?"

ಅವನು ಕೈ ಬಿಡಿಸಿಕೊಂಡು ಟಿಕೆಟ್ ಕಿಟಕಿಯ ಕಡೆ ಹೋದ.

ಆಟ ಶುರುವಾಗುವ ಹೊತ್ತಿಗೆ, ಪೋಸ್ಟರ್ ನೋಡಿ ಒಬ್ಬಳು ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದಳು. ಟಿಕೆಟ್ ಕೇಳಿ ಬಂದವರಲ್ಲಿ ಅವರೇ ಮೊದಲಿಗರು. ಕಹಳೆಗೆ ಕಾಲಿಗೆ ಬೀಳುವಷ್ಟು ಸಂತೋಷ. ಅಜ್ಜಿ ಒಳಗೆ ಇಣುಕಿದಳು.

"ಅಯ್ಯೋ, ಮಗು ಕೂರೋಕೂ ಜಾಗ ಇಲ್ವಲ್ಲಪ್ಪ."

"ಇದೆಯಮ್ಮ... ಬನ್ನಿ... ಎಲ್ಲಾ ಖಾಲಿ..."

ಅಜ್ಜಿ ಅವನನ್ನೊಮ್ಮೆ, ಹಾಲ್‌ನ ಒಳಗೊಮ್ಮೆ ನೋಡಿ ಮಗುವನ್ನು ಸೆರಗಿಗೆ ಎಳೆದುಕೊಂಡಳು. ತಿರುಗಿ ಹೋದಳು. ಆಮೇಲೆ ಬಂದ ಒಬ್ಬಿಬ್ಬರೂ ಹಾಗೆಯೇ ಹೋದರು. ಕಡೆಗೆ ಹೌಸ್‌ಫುಲ್ ಬೋರ್ಡನ್ನು ಕಹಳೆಯೇ ತಗುಲಿಹಾಕಬೇಕಾಯಿತು.

ಅಕ್ಕ ಅಂದು ಆಡಿದ ಹಾಗೆ ಯಾವತ್ತೂ ಆಡಿರಲಿಲ್ಲ. ಕೊನೆಗೆ ಪರದೆ ಬಿತ್ತು. ಚಪ್ಪಾಳೆ ಇಲ್ಲ, ಕೆಮ್ಮಿಲ್ಲ... ಒಂದು ಕುರ್ಚಿಯೂ ಮಡಚಿಕೊಳ್ಳಲಿಲ್ಲ. ಅಕ್ಕ ಪರದೆ ಸರಿಸಿ ನೋಡಿ ಅವನ ಕಿವಿಯಲ್ಲಿ ಹೇಳಿದಳು.

"ಯಾರೂ ಎದ್ದಿಲ್ಲ ಕಣೋ... ಇನ್ನೊಂದ್ಸಲ ಆಡ್ಲಾ?"

ಬೇಡ ಎನ್ನಲು ಬಾಯಿ ತೆರೆದ. ಬಣ್ಣದ ಅಡಿಯಲ್ಲಿ ಅವಳ ಮುಖ ಹೊಳೆಯುತ್ತಿತ್ತು. ಎಷ್ಟೋ ವರ್ಷಗಳಿಂದ ಅವನು ಆ ಮುಖ ನೋಡಿರಲಿಲ್ಲ.

"ಆಡಕ್ಕ," ಎಂದ.

ಬೆಳಗಿನವರೆಗೆ ಆಡಿದಳು. ದನಿ ಬಿದ್ದುಹೋದ ಮೇಲೂ ತುಟಿ ಆಡಿಸುತ್ತಲೇ ಇದ್ದಳು. ಬೆಳಕಾದ ಮೇಲೆ ಯಾರಿಗೂ ಯಾರೂ ಕಾಣಲಿಲ್ಲ. ಕುರ್ಚಿಗಳು ಮಾತ್ರ ಇಳಿದೇ ಇದ್ದವು.

ಸುಳ್ಳು ಅನ್ನುವವರು ಅನ್ನಿ. ಕುರ್ಚಿ ರಿಪೇರಿಗೆ ಹೋದವನು ನಮ್ಮ ಪಕ್ಕದ ಮನೆಯವನೇ. ಸ್ಪ್ರಿಂಗ್ ಎಲ್ಲ ಗಟ್ಟಿಮುಟ್ಟಾಗಿವೆ ಅಂದ. ಒಂದನ್ನು ಕೈಯಿಂದ ಮೇಲೆತ್ತಿ ನೋಡಿದನಂತೆ. ಅರ್ಧಕ್ಕೆ ಬಂತು... ಮತ್ತೆ ಮೆಲ್ಲಗೆ ಕೆಳಗೆ ಹೋಯಿತು. ಕೂಲಿ ಕೂಡ ಕೇಳದೆ ಬಂದುಬಿಟ್ಟ.

ಹೋಗಿ ನೋಡಿ ಬನ್ನಿ ಅನ್ನೋಣವೆಂದರೆ, ಅಲ್ಲಿ ಇವತ್ತಿಗೂ ಟಿಕೆಟ್ ಸಿಗುವುದಿಲ್ಲ.