ತಂತಿಯ ತುದಿಗೆ ಬೆರಳು

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಮಂಗಳವಾರ. ಎಂಟನೇ ಕ್ಲಾಸಿನ ಗಣಿತ ಪರೀಕ್ಷೆಗೆ ಅಂತ ಹೊರಟವನು ಬಸ್ ಹತ್ತಿಬಿಟ್ಟೆ. ಇಳಿದದ್ದು ದೊಡ್ಡಪ್ಪನ ಮಗನ ರಿಪೇರಿ ಅಂಗಡಿ ಮುಂದೆ. ಆಮೇಲೆ ಎಷ್ಟು ಊರು ಸುತ್ತಿದರೂ ನನ್ನ ಚೀಲ ಕೊನೆಗೆ ಬಂದು ಬೀಳುವುದು ಅವನ ಮನೆಯಲ್ಲೇ. ಆಂಪ್ಲಿಫೈಯರು, ಸ್ಪೀಕರು ರಿಪೇರಿ ಅವನ ಕಸುಬು. ಸೊಳ್ಳೆಗೆ ಶೀತ ಆದರೂ ಇವನಿಗೆ ಕೇಳಿಸುತ್ತೆ ಅಂತ ಜನ ಅವನನ್ನು ಕಿವಿಯಣ್ಣ ಅನ್ನುತ್ತಾರೆ. ಇದು ಅವನಿಗೆ ಆದದ್ದು, ಹೋದ ವರ್ಷ. ದೀಪ ಆರಿಸಬೇಡಿ, ಹಾಗೇ ಇರಲಿ.

ಅಂಗಡಿ ಬಾಗಿಲು ಹಾಕಿ, ಟೂಲ್ಸ್ ಚೀಲ ಹೆಗಲಿಗೇರಿಸಿ ಹೊರಟಿದ್ದಾನೆ. ಕತ್ತಲಾಗಿತ್ತು. ಗಲ್ಲಿಯ ಕೊನೆಗೊಂದು ಹಾಳು ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದರಾಚೆ ಟೈಲರಕ್ಕನ ಮನೆ. ಬಾವಿ ದಾಟುವ ಮೊದಲೇ ಅವನ ಕಿವಿಗೆ ಬಿತ್ತು. ಹೂಂ... ಅಂತ. ಯಾರೋ ಬಾಯಿ ಮುಚ್ಚಿಕೊಂಡೇ ರಾಗ ಹಿಡಿದ ಹಾಗೆ.

ಟೈಲರಕ್ಕನ ಗಂಡ ತೀರಿಹೋಗಿ ಬಹಳ ದಿನವಾಗಿತ್ತು. ಕಿವಿಯಣ್ಣನಿಗೆ ಅವಳ ಮೇಲೆ ಮನಸ್ಸು, ಅವಳಿಗೂ ಇವನ ಮೇಲೆ. ಆದರೆ ಅವಳದು ಒಂದೇ ಹಟ: "ಅವರು ಬಿಟ್ಟುಹೋದ ಹಾಡಿನ ಸೆಟ್ಟಿನ ಆ ಸದ್ದು ನಿಲ್ಲಿಸು. ಅವತ್ತೇ ಮದುವೆಗೆ ದಿನ ಗೊತ್ತುಮಾಡೋಣ."

ಬಾಗಿಲಲ್ಲೇ ಕೇಳಿದನಂತೆ, "ಸ್ವಿಚ್ ಆಫ್ ಮಾಡಿದ್ರೆ ಮುಗೀತಲ್ಲ?"

"ಮಾಡಿ ನೋಡಿದ್ದೀನಿ. ಆಗ ಮನೇನೇ ಕಿವಿಗೊಟ್ಟು ಕೂತಿರೋ ಹಾಗಿರುತ್ತೆ. ಅದಕ್ಕಿಂತ ಇದೇ ವಾಸಿ."

"ನಿನ್ನ ಭಯ ಬಿಚ್ಚೋಕೆ ನನ್ನ ಹತ್ರ ಸ್ಕ್ರೂಡ್ರೈವರ್ ಇಲ್ಲಪ್ಪ. ಸದ್ದಿಗಿದೆ."

"ಬಾಯಿ ಕಮ್ಮಿ ಮಾಡು. ಕೆಲಸ ನೋಡು."

ನೋಡಿದ. ಆಂಪ್ಲಿಫೈಯರ್ ಒಂದು ಗೋಡೆಯ ಪ್ಲಗ್ಗಿಗೆ, ಪ್ಲೇಯರ್ ಇನ್ನೊಂದು ಗೋಡೆಯದಕ್ಕೆ. ಎರಡು ಕಡೆ ಅರ್ಥಿಂಗ್ ಇದ್ದರೆ ಕರೆಂಟು ನಡುವೆ ಗಿರಕಿ ಹೊಡೆದು ಗುಂಯ್‌ಗುಡುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ತಂದ. ಹೂಂ ನಿಂತಿತು. ಸ್ಪೀಕರಿನ ತಂತಿ ಟ್ಯೂಬ್‌ಲೈಟಿನ ವೈರಿಗೆ ಅಂಟಿಕೊಂಡಿತ್ತು. ಎಳೆದು ದೂರ ಇಟ್ಟ. ಕಿರ್ರ್ ಅನ್ನುತ್ತಿದ್ದದ್ದೂ ಹೋಯಿತು. ಕೊನೆಗೆ, ಇನ್ನೂ ಸದ್ದು ಉಳಿದಿದೆಯಾ ನೋಡಲು ಪ್ಲೇಯರನ್ನೇ ಕಿತ್ತುಹಾಕಿದ. ಅದರ ತಂತಿಯ ಒಂದು ತುದಿ ಆಂಪ್ಲಿಫೈಯರಿನಲ್ಲಿ, ಇನ್ನೊಂದು ತುದಿ ಮೇಜಿನ ಮೇಲೆ ಬರಿದೇ ಬಿದ್ದಿತ್ತು. ಸ್ಪೀಕರಿನಲ್ಲಿ ಬರೀ ಸಣ್ಣ ಸೂ...

"ಆಯ್ತು. ದಿನ ಗೊತ್ತುಮಾಡು."

ಅವಳು ನಕ್ಕಳಂತೆ. ಅಷ್ಟರಲ್ಲಿ...

ಗುರ್. ಗುರ್. ಗುರ್ರ್ರ್ರ್...

ಈ ಕಸುಬಿನವರಿಗೆ ಆ ಸದ್ದು ಚೆನ್ನಾಗಿ ಗೊತ್ತು. ಆಂಪ್ಲಿಫೈಯರ್ ಸರಿಯಿದೆಯಾ ಅಂತ ನೋಡಲು ತಂತಿಯ ತುದಿಗೆ ಬೆರಳು ಮುಟ್ಟಿಸುತ್ತಾರೆ. ಮೈ ತಾಗಿದೊಡನೆ ಸ್ಪೀಕರ್ ಗುರ್ ಅನ್ನುತ್ತದೆ. ಅರ್ಥಿಂಗ್ ಸದ್ದೇ ಬೇರೆ, ಬೆರಳಿನ ಸದ್ದೇ ಬೇರೆ.

ಇದು ಬೆರಳು. ಮೇಜಿನ ಹತ್ತಿರ ಯಾರೂ ಇರಲಿಲ್ಲ.

"ನೀನು ಮುಟ್ಟಿದ್ಯಾ?" ಪಿಸುಗುಟ್ಟಿದ.

"ಬಾಗಿಲ ಹತ್ರ ಇದ್ದೀನಲ್ಲ ನಾನು."

ಗುರ್. ಗುರ್. ಗುರ್ರ್ರ್ರ್...

"ಬಂದೆ..." ಅಂದಳು ಟೈಲರಕ್ಕ.

ಸದ್ದು ನಿಂತಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಯಾರಿಗೆ ಹೇಳಿದೆ?"

"ನಾನು ಅಡುಗೆಮನೇಲಿದ್ರೆ ಅವರು ಇಲ್ಲಿ ಕೂತು ತಂತಿಗೆ ಬೆರಳು ಮುಟ್ಟಿಸಿ ಹೀಗೇ ಕರೀತಿದ್ರು. ಬಾಯಿ ತೆರೆಯೋಕೂ ಸೋಮಾರಿ... ಅಭ್ಯಾಸ, ಬಂದುಬಿಡ್ತು."

"ಮೊದಲೇ ಹೇಳಬಾರದಿತ್ತಾ?"

"ಅರ್ಥಿಂಗ್ ಇರಬಹುದು ಅಂದ್ಕೊಂಡೆ. ಎಲ್ಲಾದಕ್ಕೂ ಅರ್ಥಿಂಗ್ ಅನ್ನೋನು ನೀನೇ ಅಲ್ವಾ?"

ಕಿವಿಯಣ್ಣನಿಗೆ ಭಯದ ಜೊತೆ ರೋಷ ಬಂತು. ಹೋಗಿ ತನ್ನ ಬೆರಳನ್ನೇ ತುದಿಗೆ ಒತ್ತಿದ.

ಏನೂ ಇಲ್ಲ. ಸೂ... ಅಷ್ಟೇ.

ಬೆರಳಿಗೆ ಎಂಜಲು ಹಚ್ಚಿ ಒತ್ತಿದ. ಇಲ್ಲ. ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಲೇ ಇದೆ. ಅವಳು ಬಂದು ಕಿರುಬೆರಳು ತಾಗಿಸಿದಳು. ಗುರ್. ಮತ್ತೆ ಇವನು... ಇಲ್ಲ.

"ಅಲ್ಲಿ ನಾನು ಇಲ್ಲವೇ ಇಲ್ಲ ಅನ್ನೋ ಹಾಗಿತ್ತು ಕಣೋ," ಅಂದ ನನಗೆ. ಹೇಳುವಾಗ ಬೆರಳು ಉಜ್ಜಿಕೊಳ್ಳುತ್ತಿದ್ದ.

ಆ ರಾತ್ರಿಯೇ ಇಬ್ಬರೂ ಬೀಗ ಹಾಕಿ ಹೊರಬಿದ್ದರು. ಆಮೇಲೆ ಹಗಲಲ್ಲಿ ಹೋಗಿ ಸೆಟ್ಟನ್ನು ಅವನೇ ಒಡೆದು ಗುಜರಿಗೆ ಹಾಕಿಬಂದ. ಊರಿನ ಇನ್ನೊಂದು ಮೂಲೆಯಲ್ಲಿ ಮನೆ ಹಿಡಿದರು. ಮದುವೆಯೂ ಆಯಿತು, ಟೈಲರಕ್ಕ ಈಗ ನನಗೆ ಅತ್ತಿಗೆ. ಈ ಮನೆಯಲ್ಲಿ ಸ್ಪೀಕರಿರಲಿ, ಒಂದು ರೇಡಿಯೋ ಕೂಡ ಇಲ್ಲ. ರಿಪೇರಿ ಸಾಮಾನೆಲ್ಲ ಅಂಗಡಿಯಲ್ಲೇ.

ನಿನ್ನೆ ನಾವು ಅಣ್ಣ ತಮ್ಮ ಊಟಕ್ಕೆ ಕೂತಿದ್ದೆವು. ಪಕ್ಕದಲ್ಲಿ ಅತ್ತಿಗೆಯ ಮೆಷಿನ್ ಟಕಟಕ ಓಡುತ್ತಿತ್ತು. ನಿಂತಿತು.

"ಬಂದೆ..."

ಮಾಮೂಲಿ ದನಿ. ಎದ್ದು ಮುಂದಿನ ಕೋಣೆಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತಳು.

ಕಿವಿಯಣ್ಣನ ಕೈ ತಟ್ಟೆಯಲ್ಲೇ ನಿಂತಿತ್ತು. "ನಿನಗೇನಾದ್ರೂ ಕೇಳಿಸ್ತಾ?" ಅಂದ, ಬರೀ ತುಟಿಯಲ್ಲಿ.

"ಇಲ್ಲ."

"ನನಗೂ ಇಲ್ಲ."

ಅತ್ತಿಗೆ ವಾಪಸ್ ಬಂದು ಸೂಜಿಗೆ ದಾರ ಪೋಣಿಸಿದಳು. "ಯಾಕೆ, ಉಪ್ಪು ಜಾಸ್ತಿ ಆಯ್ತಾ?" ಅಂದಳು.

"ಇನ್ನೆರಡು ದಿನ ಇರೋ," ಅನ್ನುತ್ತಿದ್ದಾನೆ ಅಣ್ಣ. ಅವನು ಹಾಗೆ ಬೇಡಿಕೊಂಡದ್ದನ್ನು ನಾನು ನೋಡಿಯೇ ಇರಲಿಲ್ಲ. ಪಾಪ ಅನಿಸುತ್ತದೆ. ಆದರೂ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದೇನೆ. ಬೆಳಗಿನ ಮೊದಲ ಬಸ್ಸಿಗೇ ಹೊರಡುವುದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನೇ ಇಲ್ಲಿ ಕೂತು ಉಣ್ಣುತ್ತಿದ್ದೆ. ಅವಳು ನಿಂತಿದ್ದ ಗೋಡೆಯನ್ನು ಹಗಲು ಬೆಳಕಲ್ಲಿ ಸವರಿ ನೋಡಿದ್ದೇನೆ. ಅಲ್ಲಿ ಒಂದು ವೈರಿಲ್ಲ, ಪ್ಲಗ್ಗಿಲ್ಲ, ಮೊಳೆ ಹೊಡೆದ ಗುರುತೂ ಇಲ್ಲ.