ಫೆಮ್ಕೆ ಅನ್ನುವ ಹೆಸರು ಬಂದದ್ದು

ಡೋಕುಮ್ ಪೇಟೆಯಿಂದ ಹೊರಟ ಬಸ್ಸಿನಲ್ಲಿ ಮುದುಕಿ ಹಿಸ್ಕೆ ಬೆಣ್ಣೆಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮುಂದಿನ ಸೀಟಿನಲ್ಲಿ ಮಗಳು ಹುಟ್ಟಿದ್ದನ್ನು ಕಚೇರಿಯಲ್ಲಿ ಬರೆಸಿ ಬರುತ್ತಿದ್ದ ವೀಬೆ, ಪಕ್ಕದಲ್ಲಿ ಅವನ ಅಕ್ಕ ನಿನ್ಕೆ. ಹಿಸ್ಕೆಗೆ ಕದ್ದು ಕೇಳುವ ಮನಸ್ಸಿರಲಿಲ್ಲ, ಆದರೆ ಕಿವಿ ಇನ್ನೂ ಚುರುಕಾಗಿತ್ತು.

“ಏನ್ ಮಗು ಅಂತ ಗುಮಾಸ್ತ ಡಚ್ಚಿನಲ್ಲಿ ಕೇಳಿದ. ನಾನು ನಮ್ಮ ಫ್ರೀಸಿಯನ್ನಲ್ಲೇ ‘ಫಾಮ್ಕೆ’ ಅಂದೆ.”

“ಸರಿ ತಾನೆ, ಪುಟ್ಟ ಹುಡುಗಿ ಅಂತ ಅಲ್ವಾ ಅಂದಿದ್ದು.”

“ಅವನು ಅದನ್ನೇ ಹೆಸರು ಅಂದ್ಕೊಂಡು ‘ಫೆಮ್ಕೆ’ ಅಂತ ಬರ್ಕೊಂಡ.”

“ಅಯ್ಯೋ ವೀಬೆ! ಅಮ್ಮನ ಹೆಸರಲ್ವೇನೋ ಇಡಬೇಕಾಗಿದ್ದು? ಬಾಯಿ ಬಿದ್ದು ಹೋಗಿತ್ತಾ?”

“ಹಿಂದೆ ಜನ ನಿಂತಿದ್ರು ಅಕ್ಕಾ. ನನ್ನ ಡಚ್ ಕೇಳಿ ಆಗ್ಲೇ ಒಂದ್ಸಲ ನಕ್ಕಿದ್ರು. ಸುಮ್ನೆ ಸಹಿ ಹಾಕ್ಬಿಟ್ಟೆ.”

“ಹಸು ಮಾರೋವಾಗ ಬರುತ್ತಲ್ಲ ಡಚ್ಚು!”

“ಬೈಯಿ. ಬೈಸ್ಕೊಳ್ಳೋಕೆ ಲಾಯಕ್ಕಾಗೇ ಇದ್ದೀನಿ.”

“ಅಣ್ಣನ ಮಕ್ಕಳಿಗೆಲ್ಲ ಅತ್ತಿಗೆ ಕಡೆಯವರ ಹೆಸರೇ ಆಯ್ತು. ಅಮ್ಮ ತನ್ನ ಹೆಸರು ನಿನ್ನ ಮಗೂಗಾದ್ರೂ ಬರುತ್ತೆ ಅಂತ ಕಾದಿದ್ಲು ಕಣೋ. ತೊಟ್ಟಿಲ ಬಟ್ಟೆ ಮೇಲೆ ‘ಬೌಕ್ಯೆ’ ಅಂತ ಕಸೂತಿ ಹಾಕಿ ಮುಗಿಸಿದ್ದಾಳೆ.”

“ಗೊತ್ತು. ಅದಕ್ಕೇ ಇಳಿಯೋಕೆ ಕಾಲು ಬರ್ತಿಲ್ಲ.”

ಬಸ್ಸು ನಿಂತಿತು. ಕೆಳಗೆ ಗಾಳಿಯಲ್ಲಿ ತಲೆವಸ್ತ್ರವನ್ನು ಹಿಡಿದುಕೊಂಡು ಅವರ ತಾಯಿ ನಿಂತಿದ್ದಳು.

“ಏನೋ ಮಗನೇ, ಇನ್ಮೇಲೆ ಮನೇಲಿ ಇಬ್ರು ಬೌಕ್ಯೆ ಅನ್ನು!”

ವೀಬೆ ಇಳಿದು, ಟೋಪಿ ತೆಗೆದು ಕೈಯಲ್ಲಿ ಹಿಚುಕಿದ.

“ಹೂಂ ಅಮ್ಮಾ,” ಅಂದ.

ನಿನ್ಕೆ ತಮ್ಮನ ಮುಖ ನೋಡಲಿಲ್ಲ. ಹಿಸ್ಕೆ ಕಿಟಕಿಯಿಂದ ನೋಡುತ್ತಿದ್ದಂತೆ ಮೂವರೂ ಕಾಲುವೆಯ ದಂಡೆ ಹಿಡಿದು ನಡೆದರು. ತಾಯಿ ಎಲ್ಲರಿಗಿಂತ ಮುಂದೆ, ಚಿಕ್ಕ ಹುಡುಗಿಯ ಹಾಗೆ ಬಿರಬಿರನೆ ಹೋಗುತ್ತಿದ್ದಳು.